ವಿಶ್ವವಿದ್ಯಾಲಯಕ್ಕೆ ಸ್ವಾತಂತ್ರ್ಯ ಕೊಡಿ, ಅನುದಾನ ಮಾತ್ರ ನಿಲ್ಲಿಸಬೇಡಿ

ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಸರ್ಕಾರದ ಹಿಡಿತದಿಂದ ಪೂರ್ತಿ ಬಿಡಿಸಿದರೆ ಉದ್ಧಾರ ಆಗುತ್ತವಾ, ಐಐಟಿಗಳ ಹಾಗೆ ಯಾಕೆ ಮಾಡಬಾರದು ಅಂತ ಕೇಳಿದ್ದೀರಿ. ನಿಮ್ಮ ತಂಗಿ ಕೋಲಾರದಲ್ಲಿ ಬಿಕಾಂ ಓದುತ್ತಿದ್ದಾಳೆ, ಪರೀಕ್ಷೆ ಮುಗಿದು ಎಷ್ಟು ದಿನವಾದರೂ ರಿಸಲ್ಟ್ ಬರುವುದಿಲ್ಲ ಅಂತಲೂ ಬರೆದಿದ್ದೀರಿ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಪಠ್ಯಕ್ರಮ ಮಾಡುವ ಅಧ್ಯಯನ ಮಂಡಳಿಯಲ್ಲೂ ಕೂತಿದ್ದೇನೆ. ಹಾಗಾಗಿ ಒಳಗಿಂದ ಕಂಡಷ್ಟು ಹೇಳುತ್ತೇನೆ.

ನನ್ನ ಪ್ರಕಾರ ಮೇಷ್ಟ್ರ ನೇಮಕ ಮತ್ತು ಪಠ್ಯಕ್ರಮ, ಇವೆರಡೂ ಪೂರ್ತಿ ವಿಶ್ವವಿದ್ಯಾಲಯದ ಕೈಗೆ ಬರಬೇಕು. ದುಡ್ಡು ಕೊಡುವ ಕೆಲಸ ಸರ್ಕಾರದ್ದೇ ಆಗಿರಬೇಕು. ಈಗ ಹೆಚ್ಚುಕಡಿಮೆ ಉಲ್ಟಾ ನಡೆಯುತ್ತಿದೆ.

ಮೊದಲು ಈಗಿನ ವ್ಯವಸ್ಥೆ ನೋಡಿ. ನಮ್ಮಲ್ಲಿ ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ಪ್ರಕಾರ. ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮ ಕುಲಾಧಿಪತಿ. ವಿಶ್ವವಿದ್ಯಾಲಯ ನಡೆಸುವ ಕುಲಪತಿಯನ್ನು (ವೈಸ್ ಚಾನ್ಸಲರ್) ಹುಡುಕುವ ಸಮಿತಿಯಲ್ಲಿ ರಾಜ್ಯಪಾಲರು, ಯುಜಿಸಿ (ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗ), ರಾಜ್ಯ ಸರ್ಕಾರ, ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಹೀಗೆ ನಾಲ್ಕು ಕಡೆಯವರು ಇರುತ್ತಾರೆ. ರಾಜ್ಯಪಾಲರು ನೇಮಿಸಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು. ಅಲ್ಲಿಗೆ ಮುಗಿಯಲಿಲ್ಲ. ಆಡಳಿತದ ಕುಲಸಚಿವರು, ಪರೀಕ್ಷೆ ನೋಡಿಕೊಳ್ಳುವ ಮೌಲ್ಯಮಾಪನ ಕುಲಸಚಿವರು, ಹಣಕಾಸು ಅಧಿಕಾರಿ, ಈ ಮೂವರನ್ನೂ ಸರ್ಕಾರವೇ ಕಳಿಸುತ್ತದೆ. ಕುಲಪತಿಯ ಅಕ್ಕಪಕ್ಕ ಕೂರುವವರೆಲ್ಲ ವಿಧಾನಸೌಧದ ಕಡೆ ಮುಖ ಮಾಡಿದವರು ಅಂದಹಾಗಾಯಿತು. ಕುಲಪತಿಗೂ ಕುಲಸಚಿವರಿಗೂ ಒಂದು ಸಲ ಮನಸ್ತಾಪ ಬಂದರೆ ಫೈಲ್ ಅಲ್ಲೇ ಕೂರುತ್ತದೆ. ಸಿಂಡಿಕೇಟ್‌ನಲ್ಲಿ ಬೇರೆ ಸರ್ಕಾರದ ನಾಮನಿರ್ದೇಶಿತರು. ಸರ್ಕಾರ ಬದಲಾದರೆ ಅವರೂ ಬದಲಾಗುತ್ತಾರೆ. ಒಳ್ಳೆಯವರೂ ಬರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಪಾಠ, ಸಂಶೋಧನೆ ಯಾವುದೂ ಗೊತ್ತಿಲ್ಲದವರು ಕಟ್ಟಡದ ಕಾಂಟ್ರಾಕ್ಟ್ ವಿಷಯ ಬಂದಾಗ ಮಾತ್ರ ಚುರುಕಾಗುವುದು ಎಲ್ಲರಿಗೂ ಗೊತ್ತಿರುವ ಕಥೆ.

ಇದಕ್ಕಿಂತ ದೊಡ್ಡ ಏಟು ಬೀಳುವುದು ನೇಮಕದಲ್ಲಿ. ಹುದ್ದೆ ಮಂಜೂರಾಗಿದ್ದರೂ ತುಂಬಿಕೊಳ್ಳಲು ಆರ್ಥಿಕ ಇಲಾಖೆ ಹೂಂ ಅನ್ನಬೇಕು. ಅದು ಅನ್ನುವಷ್ಟರಲ್ಲಿ ಇನ್ನೊಂದಷ್ಟು ಜನ ನಿವೃತ್ತಿ ಆಗಿರುತ್ತಾರೆ. ಎಷ್ಟೋ ವಿಭಾಗಗಳಲ್ಲಿ ಕಾಯಂ ಮೇಷ್ಟ್ರು ಒಬ್ಬರೋ ಇಬ್ಬರೋ. ಉಳಿದ ಪಾಠವೆಲ್ಲ ಅತಿಥಿ ಉಪನ್ಯಾಸಕರ ತಲೆ ಮೇಲೆ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದ ಮನುಷ್ಯ ಹೊಸ ಕೋರ್ಸ್ ಕಟ್ಟುತ್ತಾನಾ? ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿಗೆ ಮಾರ್ಗದರ್ಶಕರಾಗಲು ಕಾಯಂ ಅಧ್ಯಾಪಕರೇ ಆಗಬೇಕು. ಅಂದರೆ ನೇಮಕ ನಿಂತ ವಿಭಾಗದಲ್ಲಿ ಸಂಶೋಧನೆಯೂ ತಾನಾಗಿ ನಿಲ್ಲುತ್ತದೆ. ಸಂಶೋಧನೆ ನಿಂತರೆ, ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೊಡುವ ಅಂಕ ಇಳಿಯುತ್ತದೆ. ಅಂಕ ಇಳಿದರೆ, ನಿಮಗೆ ಸ್ವಾತಂತ್ರ್ಯ ಕೊಡುವಷ್ಟು ಯೋಗ್ಯತೆ ಇಲ್ಲ ಅಂತಾರೆ! ಕಾಲು ಕಟ್ಟಿ ಓಡು ಅಂದ ಹಾಗೆ.

ಪಠ್ಯಕ್ರಮದ ಕಥೆ ಕೇಳಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಡಿಗ್ರಿ ಬಂತು. 2024-25ಕ್ಕೆ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ನೋಡಿಕೊಂಡು ಮತ್ತೆ ಮೂರು ವರ್ಷಕ್ಕೆ ತಂದರು. ಎರಡಕ್ಕೂ ಆದೇಶ ಬಂದಿದ್ದು ಬೆಂಗಳೂರಿನಿಂದ. ಆ ವರ್ಷ ನಾವು ಫಸ್ಟ್ ಇಯರ್‌ಗೆ ಒಂದು ಪದ್ಧತಿ, ಸೆಕೆಂಡ್ ಮತ್ತು ಫೈನಲ್ ಇಯರ್‌ಗೆ ಇನ್ನೊಂದು ಪದ್ಧತಿ ಪಾಠ ಮಾಡಿದೆವು. ಯಾವ ನೀತಿ ಒಳ್ಳೆಯದು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಪಾಠ ಮಾಡುವವರನ್ನು ಎರಡು ಸಲವೂ ಸರಿಯಾಗಿ ಕೇಳಲಿಲ್ಲ, ಅದು ನನ್ನ ತಕರಾರು.

ನಮ್ಮ ಮಂಡಳಿಯಲ್ಲಿ ಒಬ್ಬ ಮೇಡಂ ಒಂದು ಒಳ್ಳೆ ಮಾತು ಎತ್ತಿದ್ದರು. ನಮ್ಮ ಮಕ್ಕಳು ಬರುವುದು ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯಿಂದ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನಡೆಯುತ್ತದೆ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ, ಊರೂರಿಗೆ ಹಾಲಿನ ಡೇರಿ ಇದೆ. ಬಿಕಾಂ ಮಾಡುವ ಹುಡುಗಿ ಡೇರಿಯ ಲೆಕ್ಕಪುಸ್ತಕ ಓದುವುದನ್ನು, ಮಂಡಿಯಲ್ಲಿ ರೇಟ್ ಹೇಗೆ ಏರಿ ಇಳಿಯುತ್ತದೆ ಅನ್ನುವುದನ್ನು ಯಾಕೆ ಕಲಿಯಬಾರದು, ಒಂದು ಪೂರ್ತಿ ಪೇಪರ್ ಇಡೋಣ ಅಂದರು. ಎಲ್ಲರೂ ಒಪ್ಪಿದರು. ಆದರೆ ಯಾವ ಸೆಮಿಸ್ಟರ್‌ನಲ್ಲಿ ಎಷ್ಟು ಪೇಪರ್, ಎಷ್ಟು ಕ್ರೆಡಿಟ್ ಅನ್ನುವ ಚೌಕಟ್ಟು ಮೇಲಿಂದಲೇ ಬಂದಿತ್ತು. ಜಾಗವೇ ಇರಲಿಲ್ಲ. ಕೊನೆಗೆ ಪ್ರಾಜೆಕ್ಟ್ ವಿಷಯಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯಿತು. ಬೆಂಗಳೂರು ವಿಶ್ವವಿದ್ಯಾಲಯದಿಂದ ಒಡೆದು ತುಮಕೂರಿಗೆ 2004ರಲ್ಲಿ ಒಂದು ವಿಶ್ವವಿದ್ಯಾಲಯ ಮಾಡಿದರು. ಆಮೇಲೆ ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು. ನಮ್ಮ ನೆಲಕ್ಕೆ ಹತ್ತಿರ ಇರಲಿ ಅಂತ ತಾನೇ? ಹತ್ತಿರ ಬಂದದ್ದು ಆಫೀಸು ಮಾತ್ರ ಆದರೆ ಸಾಲದು.

ಈಗ ಐಐಟಿ ಮಾತು. ಅಲ್ಲಿ ಸ್ವಾತಂತ್ರ್ಯ ಇದೆ, ನಿಜ. ಆದರೆ ಕೇಂದ್ರ ಸರ್ಕಾರ ವರ್ಷ ವರ್ಷ ಸುರಿಯುವ ದುಡ್ಡೂ ಇದೆ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ತೋರಿಸುವ ದಾರಿ ಬೇರೆ. 2018ರಲ್ಲಿ ಯುಜಿಸಿ ಶ್ರೇಣೀಕೃತ ಸ್ವಾಯತ್ತತೆ, ಅಂದರೆ ದರ್ಜೆ ನೋಡಿ ಸ್ವಾತಂತ್ರ್ಯ ಕೊಡುವ ಪದ್ಧತಿ ತಂದಿತು. ನ್ಯಾಕ್‌ನಲ್ಲಿ 3.51ಕ್ಕಿಂತ ಕಡಿಮೆ ಇಲ್ಲದ ಅಂಕ ಬಂದರೆ ಮೊದಲ ದರ್ಜೆ. ಹೊಸ ಕೋರ್ಸ್, ಹೊಸ ವಿಭಾಗ ಯಾರನ್ನೂ ಕೇಳದೆ ಶುರು ಮಾಡಬಹುದು. ಒಂದೇ ಷರತ್ತು, ಸರ್ಕಾರದ ಹತ್ತಿರ ಅದಕ್ಕೆ ದುಡ್ಡು ಕೇಳಬಾರದು. ಹಾಗಾದರೆ ದುಡ್ಡು ಎಲ್ಲಿಂದ ಬರಬೇಕು? ಮಕ್ಕಳ ಫೀಸಿನಿಂದ. ಬಾಗೇಪಲ್ಲಿಯಲ್ಲಿ ಕಡ್ಲೆಕಾಯಿ ಬೆಳೆಯುವವರ ಮನೆ ಹುಡುಗಿಗೆ ಈ ಸ್ವಾತಂತ್ರ್ಯದಿಂದ ಏನು ಸಿಕ್ಕಿತು ಹೇಳಿ. ಅಪ್ಪ ಪಿಯುಸಿಗೇ ಸಾಕು ಅಂತಾನೆ, ಅಷ್ಟೇ.

ಹಾಗಂತ ವಿಶ್ವವಿದ್ಯಾಲಯಗಳೆಲ್ಲ ಪಾಪದವು, ತಪ್ಪೆಲ್ಲ ಸರ್ಕಾರದ್ದೇ ಅಂತಲೂ ಅಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ನೆನಪಿರಬೇಕು. ಖಾಸಗಿಯವರ ಜೊತೆ ಸೇರಿ ರಾಜ್ಯದ ಹೊರಗೂ ಕೋರ್ಸ್ ನಡೆಸಲು ಹೋಯಿತು. 2015ರಲ್ಲಿ ಯುಜಿಸಿ ಮಾನ್ಯತೆ ಇಲ್ಲ ಅಂದುಬಿಟ್ಟಿತು. ಮತ್ತೆ ಸಿಗಲು 2018ರ ತನಕ ಕಾಯಬೇಕಾಯಿತು. ನಡುವೆ ಸಿಕ್ಕಿಹಾಕಿಕೊಂಡವರು ವಿದ್ಯಾರ್ಥಿಗಳು. ಆದ್ದರಿಂದ ಲೆಕ್ಕ ತಪಾಸಣೆ ಹೊರಗಿನವರೇ ಮಾಡಲಿ, ಮೀಸಲಾತಿ ನಿಯಮ ಹಾಗೇ ಇರಲಿ, ಸಿಂಡಿಕೇಟ್ ಸಭೆಯ ನಡಾವಳಿ ಎಲ್ಲರಿಗೂ ಓದಲು ಸಿಗಲಿ. ಇದಕ್ಕೆ ಒಪ್ಪದ ಕುಲಪತಿ ಸ್ವಾತಂತ್ರ್ಯದ ಮಾತಾಡಿದರೆ ನನಗೆ ಅನುಮಾನ ಬರುತ್ತದೆ.

ಪೇಪರ್‌ನಲ್ಲಿ ನೀವು ಓದುವ ಜಗಳ ಬೇರೆಯದು. 2025ರ ಜನವರಿಯಲ್ಲಿ ಬಂದ ಯುಜಿಸಿ ಕರಡು ನಿಯಮ ಕುಲಪತಿ ಹುಡುಕುವ ಸಮಿತಿಯಿಂದ ರಾಜ್ಯ ಸರ್ಕಾರವನ್ನು ಹೊರಗಿಟ್ಟಿತು. ನಮ್ಮ ಸರ್ಕಾರ ಜೋರಾಗಿ ವಿರೋಧಿಸಿತು. ಅದಕ್ಕೂ ಮುಂಚೆ, ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಅನ್ನುವ ಮಸೂದೆ ತಂದಿದ್ದರು. ಕೀಲಿಕೈ ರಾಜಭವನದಲ್ಲಿ ಇರಬೇಕಾ, ವಿಧಾನಸೌಧದಲ್ಲಿ ಇರಬೇಕಾ ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ. ಕ್ಯಾಂಪಸ್‌ಗೆ ಕೊಡೋಣ ಅಂತ ಇಬ್ಬರೂ ಹೇಳಲಿಲ್ಲ. ಅದೇ 2025ರಲ್ಲಿ, ದುಡ್ಡಿಲ್ಲ ಅಂತ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೂ ಸಂಪುಟ ಉಪಸಮಿತಿಯಲ್ಲಿ ನಡೆಯಿತು. ತೆರೆಯುವಾಗಲೂ ದುಡ್ಡಿನ ಲೆಕ್ಕ ಹಾಕಿರಲಿಲ್ಲ ಅನ್ನಿ.

1948-49ರಲ್ಲೇ ರಾಧಾಕೃಷ್ಣನ್ ಆಯೋಗ ಹೇಳಿತ್ತು, ದುಡ್ಡು ಕೊಡುವುದು ಸರ್ಕಾರದ ಕರ್ತವ್ಯ, ದುಡ್ಡು ಕೊಟ್ಟ ಮಾತ್ರಕ್ಕೆ ಯಜಮಾನಿಕೆ ನಡೆಸಬಾರದು ಅಂತ. ನಾನು ಕೇಳುವುದೂ ಇಷ್ಟೇ. ಸಂಬಳ, ಪಿಂಚಣಿಗೆ ಬೇಕಾದ ಅನುದಾನ ಕಾಯ್ದೆಯಲ್ಲೇ ಬರೆದಿಡಲಿ. ಮಂಜೂರಾದ ಹುದ್ದೆ ಖಾಲಿಯಾದ ವರ್ಷವೇ ವಿಶ್ವವಿದ್ಯಾಲಯ ತುಂಬಿಕೊಳ್ಳಲಿ. ಕುಲಸಚಿವರನ್ನು ಕುಲಪತಿ ಮತ್ತು ಸಿಂಡಿಕೇಟ್ ಆರಿಸಲಿ.

ನಿಮ್ಮ ತಂಗಿಯ ರಿಸಲ್ಟ್ ಇಷ್ಟೆಲ್ಲ ಆಗುವವರೆಗೆ ಕಾಯುವುದಿಲ್ಲ ಅಲ್ವಾ. ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳು ಬಳಸುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅವಳ ಆಂತರಿಕ ಅಂಕ ಎಲ್ಲ ವಿಷಯಕ್ಕೂ ಏರಿದೆಯಾ ಅಂತ ಕಾಲೇಜಿನಲ್ಲಿ ಮೊದಲು ಕೇಳಲಿ. ಎಷ್ಟೋ ಸಲ ತಡ ಆಗುವುದು ಅಲ್ಲೇ. ಅಲ್ಲಿ ಸರಿ ಇದ್ದರೆ ಪ್ರಿನ್ಸಿಪಾಲರ ಮೂಲಕ ಮೌಲ್ಯಮಾಪನ ಕುಲಸಚಿವರಿಗೆ ಅರ್ಜಿ ಕೊಡಲಿ, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಲಿ. ಅದಕ್ಕೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು, 30 ದಿನದಲ್ಲಿ ಅವರು ಹೇಳಲೇಬೇಕು.