ಎಂಚಿಲಾಡ ಸೀಳುವುದು, ಸಾಸ್ ಕಹಿಯಾಗುವುದು, ಮರುದಿನ ಮುದ್ದೆಯಾಗುವುದು

ಎಂಚಿಲಾಡ ಅಂದರೆ ಟೋರ್ಟಿಯಾ ಎಂಬ ತೆಳು ರೊಟ್ಟಿಯಲ್ಲಿ ಪಲ್ಯ ಸುತ್ತಿ ಮೆಣಸಿನ ಸಾಸ್ ಹಾಕುವ ಮೆಕ್ಸಿಕೋದ ಅಡುಗೆ. ಸುತ್ತುವಾಗ ಟೋರ್ಟಿಯಾ ಸೀಳುತ್ತೆ, ಸಾಸ್ ಕಹಿ ಬಂತು, ಮಿಕ್ಕಿದ್ದು ಮರುದಿನಕ್ಕೆ ಮುದ್ದೆ ಆಯ್ತು ಅಂತ ಮೂರನ್ನೂ ಒಟ್ಟಿಗೆ ಕೇಳಿದ್ದೀರಿ. ಅಂಗಡಿಯ ಮೆಕ್ಕೆಜೋಳದ ಹಿಟ್ಟಲ್ಲಿ ಮಾಡಿದ್ದು ಅಂತಲೂ ಬರೆದಿದ್ದೀರಿ. ಮೊದಲ ತೊಂದರೆ ಆ ಹಿಟ್ಟಿನದೇ.

ಮೆಕ್ಸಿಕೋದಲ್ಲಿ ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ಸುಣ್ಣಕ್ಕೆ ಕಾಳಿನ ಸಿಪ್ಪೆ ಕರಗಿ ಹಿಟ್ಟಿಗೆ ಅಂಟು ಬರುತ್ತೆ. ಹಾಗೆ ತಯಾರಾದ ಹಿಟ್ಟನ್ನು ಒಣಗಿಸಿ ಮಾರುವುದೇ ಮಾಸಾ ಹರೀನಾ. ನಮ್ಮ ಮೆಕ್ಕೆಜೋಳದ ಹಿಟ್ಟಿಗೆ ಈ ಸಂಸ್ಕಾರ ಆಗಿರಲ್ಲ. ಬಿಸಿನೀರು ಹಾಕಿ ನಾದಿದರೆ ರೊಟ್ಟಿ ಆಗುತ್ತೆ, ಆದರೆ ಸುತ್ತಿದ ತಕ್ಷಣ ಬಿರುಕು. ಮೈದಾ ಅಥವಾ ಗೋಧಿ ಟೋರ್ಟಿಯಾ ಸೀಳದಿದ್ದರೂ ಸಾಸ್ ಬಿದ್ದಾಗ ಲೋಳೆಯಾಗುತ್ತೆ.

ಮಾಸಾ ಹರೀನಾ 240 ಗ್ರಾಂ, ಬೆಚ್ಚಗಿನ ನೀರು ಸುಮಾರು 360 ಎಂಎಲ್, ಅರ್ಧ ಚಮಚ ಉಪ್ಪು. ನಾದಿ, ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. ಒಂದು ಸಣ್ಣ ಉಂಡೆ ಒತ್ತಿ ನೋಡಿ: ಅಂಚು ಬಿರಿದರೆ ನೀರು ಸಾಲದು, ಪ್ಲಾಸ್ಟಿಕ್‌ಗೆ ಮೆತ್ತಿಕೊಂಡರೆ ಹೆಚ್ಚಾಗಿದೆ. 40 ಗ್ರಾಂನ ಉಂಡೆಗಳನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ತಟ್ಟೆಯಿಂದ ಒತ್ತಿ. ಚೆನ್ನಾಗಿ ಕಾದ ಕಾವಲಿಯಲ್ಲಿ ಒಂದೊಂದು ಮಗ್ಗುಲು ಸುಮಾರು ಒಂದು ನಿಮಿಷ ಬೇಯಿಸಿ, ಬಟ್ಟೆಯಲ್ಲಿ ಸುತ್ತಿಡಿ. ಆ ಹಬೆಯಲ್ಲೇ ಅವು ಮೆತ್ತಗಾಗುವುದು. 14-15 ಆಗುತ್ತೆ.

ಇನ್ನು ಸಾಸ್. ಅಲ್ಲಿ ಕೆಂಪು ಸಾಸ್‌ಗೆ ಹಾಕುವುದು ಗ್ವಾಹಿಯೋ ಮತ್ತು ಆಂಚೋ ಒಣಮೆಣಸು. ಬಣ್ಣ ಗಾಢ, ಖಾರ ಕಡಿಮೆ. ಅದು ಸಿಗದವರಿಗೆ ಬ್ಯಾಡಗಿ ಸರಿಯಾದ ಬದಲಿ. ಗುಂಟೂರು ಮಾತ್ರ ಹಾಕಿದರೆ ಬಾಯಿ ಉರಿಯುತ್ತೆ, ರುಚಿ ಇರಲ್ಲ. 40 ಗ್ರಾಂ ಬ್ಯಾಡಗಿಯ ತೊಟ್ಟು, ಬೀಜ ತೆಗೆದು, ಸಣ್ಣ ಉರಿಯಲ್ಲಿ ಮಗ್ಗುಲಿಗೆ 20 ಸೆಕೆಂಡ್ ಮಾತ್ರ ಬಿಸಿ ಮಾಡಿ. ಘಮ ಬಂದ ಕೂಡಲೇ ಇಳಿಸಿ. ಕಪ್ಪು ಚುಕ್ಕೆ ಬಿದ್ದರೆ ಆ ಕಹಿ ಆಮೇಲೆ ಸಕ್ಕರೆಗೂ ಬಗ್ಗಲ್ಲ. ನಿಮ್ಮ ಸಾಸ್ ಕೆಟ್ಟಿದ್ದು ಬಹುಶಃ ಇಲ್ಲೇ. ಇನ್ನೊಂದು ಸಾಧ್ಯತೆ ನೆನೆಸಿದ ನೀರು: ಬಿಸಿನೀರಲ್ಲಿ 20 ನಿಮಿಷ ನೆನೆಸಿದ ಮೇಲೆ ಆ ನೀರಿನ ರುಚಿ ನೋಡಿ, ಕಹಿಯಿದ್ದರೆ ಚೆಲ್ಲಿ, ರುಬ್ಬಲು ಬೇರೆ ನೀರು ಬಳಸಿ.

ಮೆಣಸು, ಸುಟ್ಟ ಟೊಮ್ಯಾಟೊ ಎರಡು, ಕಾಲು ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ, ಎರಡು ಕಪ್ ನೀರು ಸೇರಿಸಿ ನುಣ್ಣಗೆ ರುಬ್ಬಿ ಸೋಸಿ. ಸೋಸದಿದ್ದರೆ ಸಿಪ್ಪೆ ಹಲ್ಲಿಗೆ ಸಿಗುತ್ತೆ. ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ ಅದರಲ್ಲಿ ಸುರಿದು, ಹಸಿವಾಸನೆ ಹೋಗುವವರೆಗೆ ಹತ್ತು-ಹನ್ನೆರಡು ನಿಮಿಷ ಕುದಿಸಿ, ಉಪ್ಪು ಹಾಕಿ. ಬ್ಯಾಡಗಿಯ ತಿರುಳು ತೆಳು, ಸಾಸ್ ನೀರಾಗಬಹುದು. ಆಗ ಹುರಿದ ಟೋರ್ಟಿಯಾ ತುಂಡೊಂದನ್ನು ಸೇರಿಸಿ ರುಬ್ಬಿ. ಮೈದಾ ಹಾಕಿ ಗಟ್ಟಿ ಮಾಡುವುದು ಟೆಕ್ಸಾಸ್ ಪದ್ಧತಿ. (ಪಿಜ್ಜಾ ಜೊತೆ ಬರುವ ಒರೆಗಾನೊ ಹಾಕಬೇಡಿ. ಮೆಕ್ಸಿಕೋದ್ದು ಬೇರೆಯೇ ಗಿಡ.)

ಈಗ ಎಲ್ಲಕ್ಕಿಂತ ಮುಖ್ಯವಾದ, ತುಂಬಾ ಜನ ಬಿಟ್ಟುಬಿಡುವ ಹೆಜ್ಜೆ. ಬಾಣಲೆಯಲ್ಲಿ ಅರ್ಧ ಇಂಚು ಎಣ್ಣೆ ಕಾಯಿಸಿ, ಪ್ರತಿ ಟೋರ್ಟಿಯಾವನ್ನು ಮಗ್ಗುಲಿಗೆ 5-8 ಸೆಕೆಂಡ್ ಅದ್ದಿ ತೆಗೆಯಿರಿ. ಗರಿಗರಿ ಆಗಬಾರದು, ಬಟ್ಟೆಯ ಹಾಗೆ ಜೋತುಬೀಳಬೇಕು. ಎಣ್ಣೆಯಿಂದ ಅದು ಬಾಗುತ್ತೆ, ಸಾಸ್ ಬೇಗ ಒಳಗಿಳಿಯಲ್ಲ. ಇದಕ್ಕೆ ಆವತ್ತೇ ಸುಟ್ಟದ್ದಕ್ಕಿಂತ ಹಿಂದಿನ ದಿನದ ಟೋರ್ಟಿಯಾ ಒಳ್ಳೆಯದು, ತೇವ ಕಡಿಮೆ ಇರುತ್ತೆ. ಫ್ರಿಜ್‌ನಿಂದ ತೆಗೆದದ್ದನ್ನು ಬಿಸಿ ಮಾಡದೆ ಸುತ್ತಿದರೆ ಮಾಸಾದ್ದಾದರೂ ಸೀಳುತ್ತೆ.

ಬಿಸಿ ಸಾಸ್‌ನಲ್ಲಿ ಅದ್ದಿ, ಎರಡು ಚಮಚ ಪಲ್ಯ ಇಟ್ಟು ಸುತ್ತಿ. ಬೇಯಿಸಿ ಎಳೆ ಬಿಡಿಸಿದ ಕೋಳಿ, ಆಲೂ-ಕ್ಯಾರೆಟ್, ಚೀಸ್-ಈರುಳ್ಳಿ ಯಾವುದಾದರೂ ಸರಿ, ನೀರಿನಂಶ ಮಾತ್ರ ಇರಕೂಡದು. ಮೇಲೆ ಒಂದೆರಡು ಚಮಚ ಸಾಸ್, ಹಸಿ ಈರುಳ್ಳಿ ಬಿಲ್ಲೆ, ಉಪ್ಪು ಬೆರೆಸಿ ಪುಡಿ ಮಾಡಿದ ಪನೀರ್, ಚೂರು ಮೊಸರು ಕಲಸಿದ ಕ್ರೀಮ್. ಪನೀರ್ ಕರಗಲ್ಲ ಅಂತ ಬೇಜಾರು ಬೇಡ, ಅಲ್ಲಿನ ಕೇಸೊ ಫ್ರೆಸ್ಕೊ ಕೂಡ ಕರಗಿ ಎಳೆ ಬಿಡುವ ಚೀಸ್ ಅಲ್ಲ. ಕೆಂಪು ಎಂಚಿಲಾಡವನ್ನು ಮೆಕ್ಸಿಕೋದಲ್ಲಿ ಸಾಮಾನ್ಯವಾಗಿ ಓವನ್‌ಗೆ ಇಡದೆ ಹೀಗೇ ಬಡಿಸುತ್ತಾರೆ. ಓವನ್ ಕಾವು ಹೆಚ್ಚಾಗಿ ಕ್ರೀಮ್, ಚೀಸ್ ಹಾಕುವ ಸುಯಿಸಾಸ್ ಎಂಬ ಬಗೆಗೆ. ನಿಮಗೆ ಓವನ್ನೇ ಬೇಕಿದ್ದರೆ 180 ಡಿಗ್ರಿ, 15 ನಿಮಿಷ, ಅಷ್ಟೇ. 40 ನಿಮಿಷ ಇಟ್ಟರೆ ಅಂಚು ಚರ್ಮ, ನಡು ಗಂಜಿ.

ಎತ್ತಿಡಲು: ಸಾಸ್, ಪಲ್ಯ, ಟೋರ್ಟಿಯಾ ಮೂರೂ ಬೇರೆ ಬೇರೆ. ಫ್ರಿಜ್‌ನಲ್ಲಿ ಸಾಸ್ ನಾಲ್ಕು ದಿನ, ಪಲ್ಯ ಮೂರು ದಿನ. ಫ್ರೀಜರ್‌ನಲ್ಲಿ ಸಾಸ್ ಮೂರು ತಿಂಗಳು. ಮೊದಲೇ ಸುತ್ತಿಡಬೇಕಿದ್ದರೆ ಎಣ್ಣೆಯಲ್ಲಿ ಅದ್ದಿ, ಸಾಸ್ ಹಾಕದೆ ಸುತ್ತಿ, ಒತ್ತಾಗಿ ಜೋಡಿಸಿ ಫಾಯಿಲ್ ಬಿಗಿದು ಫ್ರೀಜ್ ಮಾಡಿ. ಹಿಂದಿನ ರಾತ್ರಿ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ, ಮರುದಿನ ಸಾಸ್ ಸುರಿದು ಮುಚ್ಚಿ ಓವನ್‌ಗಿಡಿ. ನಡುಭಾಗ ಹಬೆಯಾಡುವಷ್ಟು ಬಿಸಿಯಾಗಬೇಕು. ಕ್ರೀಮ್ ಹಾಕಿ ಫ್ರೀಜ್ ಮಾಡಿದರೆ ಒಡೆಯುತ್ತೆ, ಅದನ್ನು ಬಡಿಸುವಾಗಲೇ ಹಾಕಿ. ಸಾಸ್ ಬಿದ್ದದ್ದು ಮಿಕ್ಕರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ, ಮರುದಿನ ಮುಗಿಸಿ. ಮೆತ್ತಗಾಗಿರುತ್ತೆ, ಅದಕ್ಕೆ ಉಪಾಯವಿಲ್ಲ. ಟೋರ್ಟಿಯಾ, ಸಾಸ್ ಬೇರೆಬೇರೆ ಉಳಿದಿದ್ದರೆ ಟೋರ್ಟಿಯಾವನ್ನು ಎಂಟು ತುಂಡು ಮಾಡಿ ಗರಿಯಾಗಿ ಕರಿದು, ಬಿಸಿ ಸಾಸ್‌ನಲ್ಲಿ ಹೊರಳಿಸಿ, ಮೇಲೊಂದು ಮೊಟ್ಟೆ ಹಾಕಿ ಬೆಳಗಿನ ತಿಂಡಿಗೆ ಚಿಲಾಕಿಲೆಸ್ ಮಾಡಿಕೊಳ್ಳಿ.