ಎಂಟು ಕಂತು ಜಾಸ್ತಿಯಾಯಿತು ಅನ್ನುವ ಮೇಷ್ಟ್ರಿಗೆ

ಪತ್ರ: ಸಂಪಾದಕರೇ, ನೀವು ಹೊಗಳಿದಿರಿ ಅಂತ ‘ಬ್ರಾಡ್‌ಚರ್ಚ್’ ಸೀರಿಯಲ್ ನೋಡಿದೆ. ಇಂಗ್ಲೆಂಡಿನ ಸಮುದ್ರ ದಂಡೆಯ ಒಂದು ಊರು, ಹನ್ನೊಂದು ವರ್ಷದ ಹುಡುಗನ ಕೊಲೆ, ಇಬ್ಬರು ಪೊಲೀಸರು. ಎರಡು ಗಂಟೆಯಲ್ಲಿ ಮುಗಿಸಬಹುದಾದ ಕತೆಯನ್ನು ಎಂಟು ಕಂತು ಎಳೆದಿದ್ದಾರೆ. ಅರ್ಧ ಹೊತ್ತು ಅಳು, ಇನ್ನರ್ಧ ಹೊತ್ತು ಸಮುದ್ರ. ಪತ್ತೇದಾರಿ ಎಲ್ಲಿದೆ? ಸುಳಿವುಗಳನ್ನು ಜೋಡಿಸಿ, ಕೊನೆಗೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಬಿಡಿಸಿ ಹೇಳುವ ಮಜಾ ಎಲ್ಲಿದೆ? ನಮ್ಮ ಕರಾವಳಿಯಲ್ಲೂ ಇಂಥ ಕತೆ ಮಾಡಬಹುದು, ಆದರೆ ಇಷ್ಟು ಎಳೆಯಬಾರದು.
– ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಕುಂದಾಪುರ

ಉತ್ತರ:

ಮೇಷ್ಟ್ರೇ, ನಮಸ್ಕಾರ. ಮೊದಲು ಒಂದು ತಕರಾರು. ನಿಮ್ಮ ಪತ್ರದ ಮೂರನೇ ಸಾಲಲ್ಲೇ ಕೊಲೆಗಾರನ ಹೆಸರಿತ್ತು. ಅದನ್ನು ತೆಗೆದು ಅಚ್ಚು ಹಾಕಿದ್ದೇವೆ. ಆ ಸೀರಿಯಲ್ಲಿನ ಹೆಚ್ಚಿನ ನಟರಿಗೇ ಚಿತ್ರೀಕರಣ ಮುಗಿಯುತ್ತಾ ಬರುವವರೆಗೂ ಕೊಲೆಗಾರ ಯಾರು ಅಂತ ಹೇಳಿರಲಿಲ್ಲ. ನೀವು ನೋಡಿದರೆ ಇಡೀ ಓದುಗ ಬಳಗಕ್ಕೆ ಅಂಚೆ ವೆಚ್ಚ ಕೊಟ್ಟು ತಿಳಿಸಲು ಹೊರಟಿದ್ದೀರಿ.

ನಿಮ್ಮ ಮಾತಲ್ಲಿ ಸ್ವಲ್ಪ ನ್ಯಾಯ ಇಲ್ಲ ಅನ್ನುವುದಿಲ್ಲ. ಒಗಟಿನ ಪತ್ತೇದಾರಿಗೆ ಅದರದ್ದೇ ಸುಖ ಇದೆ. ನಮ್ಮಲ್ಲಿ ಎಷ್ಟೋ ಜನ ಓದುವ ಚಟ ಹತ್ತಿಸಿಕೊಂಡಿದ್ದೇ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿ. ನಮ್ಮೂರ ಬಾಡಿಗೆ ಲೈಬ್ರರಿಯಲ್ಲಿ ಆ ಪುಸ್ತಕಗಳ ಕೊನೇ ಹಾಳೆ ಇದೆಯಾ ಅಂತ ನೋಡಿಯೇ ಮನೆಗೆ ತರಬೇಕಾಗಿತ್ತು. ಇಂಗ್ಲೆಂಡಿನಲ್ಲಿ 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ ಪತ್ತೇದಾರಿ ಬರೆಯುವವರಿಗೆ ಹತ್ತು ಕಟ್ಟಳೆ ಮಾಡಿದ. ಮೊದಲನೆಯದೇ, ಕೊಲೆಗಾರ ಕತೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು, ಕೊನೆಗೆ ಎಲ್ಲಿಂದಲೋ ಉದುರಬಾರದು ಅಂತ. ಬ್ರಾಡ್‌ಚರ್ಚ್ ಆ ಕಟ್ಟಳೆಯನ್ನೂ ಪಾಲಿಸುತ್ತದೆ ಮೇಷ್ಟ್ರೇ. ಮೊದಲ ಕಂತು ಇನ್ನೊಮ್ಮೆ ನೋಡಿ. ಆಸಾಮಿ ಅಲ್ಲೇ ಇದ್ದಾನೆ, ನಿಮ್ಮ ಕಣ್ಣೆದುರೇ ಓಡಾಡುತ್ತಿದ್ದಾನೆ. ನಿಮಗೆ ಮೋಸ ಆಗಿಲ್ಲ.

ಒಗಟಿನ ಪರವಾಗಿ ಇಷ್ಟು ಸಾಕು. ಇನ್ನು ನನ್ನ ಸರದಿ.

ಒಗಟಿನ ಕತೆಗಳಲ್ಲಿ ನನಗೆ ಯಾವತ್ತೂ ಕಿರಿಕಿರಿ ಮಾಡುವುದು ಹೆಣದ ಗತಿ. ಇಪ್ಪತ್ತನೇ ಪುಟದ ಹೊತ್ತಿಗೆ ಸತ್ತವರನ್ನು ಎಲ್ಲರೂ ಮರೆತಿರುತ್ತಾರೆ. ಗ್ರಂಥಾಲಯದ ಕಾರ್ಪೆಟ್ ಮೇಲೆ ಯಾರೋ ಬಿದ್ದಿದ್ದರು, ಅವರ ಗಡಿಯಾರ ಒಂಬತ್ತು ಇಪ್ಪತ್ತಕ್ಕೆ ನಿಂತಿತ್ತು, ಮುಗೀತು. ಆಮೇಲೆ ಗಡಿಯಾರದ ಬಗ್ಗೆಯೇ ಮಾತು. ಸತ್ತವರಿಗೆ ಅಮ್ಮ ಇದ್ದಳಾ, ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಯಾರು ಒಲೆ ಹಚ್ಚಿದರು, ಇದನ್ನೆಲ್ಲ ಯಾರೂ ಕೇಳುವುದಿಲ್ಲ. ಅಗಾಥಾ ಕ್ರಿಸ್ಟಿ ಹುಟ್ಟಿದ್ದೂ ಸಮುದ್ರದ ಊರಲ್ಲೇ, 1890ರಲ್ಲಿ, ಡೆವನ್ ಪ್ರಾಂತದ ಟಾರ್ಕ್ವೆಯಲ್ಲಿ. ಬ್ರಾಡ್‌ಚರ್ಚ್ ನಡೆಯುವ ಡಾರ್ಸೆಟ್ ಅದರ ಪಕ್ಕದ್ದೇ. ಆಕೆ ನಡುಗಡ್ಡೆ, ಕಡಲ ತೀರದ ಹೋಟೆಲ್ ಎಲ್ಲ ಬಳಸಿದ್ದಾರೆ. ಆದರೆ ಅವರ ಕತೆಗಳಲ್ಲಿ ಅಲ್ಲಿಗೆ ಬರುವವರು ಹೆಚ್ಚಾಗಿ ರಜೆಗೆ ಬಂದವರು. ಕೊಲೆ ಪತ್ತೆಯಾದ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ರೈಲು ಹತ್ತುತ್ತಾರೆ. ಬ್ರಾಡ್‌ಚರ್ಚ್ ಬರೆದ ಕ್ರಿಸ್ ಚಿಬ್ನಲ್ ಆ ರೈಲು ಹೋದ ಮೇಲೆ ಊರಲ್ಲಿ ಉಳಿಯುವವರ ಕತೆ ಹಿಡಿದ. ಆತ ಇದ್ದದ್ದೂ ಅಲ್ಲೇ ಬ್ರಿಡ್‌ಪೋರ್ಟ್‌ನಲ್ಲಿ. ಹೆಣ ಸಿಗುವ ಆ ಹೊಂಬಣ್ಣದ ಕಡಿದಾದ ಬಂಡೆ ಅಲ್ಲಿಗೆ ಹತ್ತಿರದ ವೆಸ್ಟ್ ಬೇಯದ್ದು. ಊರಿನ ಎಷ್ಟೋ ದೃಶ್ಯಗಳನ್ನು ಮಾತ್ರ ದೂರದ ಕ್ಲೀವ್ಡನ್‌ನಲ್ಲಿ ತೆಗೆದರು. ನೋಡುವಾಗ ಎರಡೂ ಒಂದೇ ಊರು ಅಂತಲೇ ಅನ್ನಿಸುತ್ತದೆ.

ಮೊದಲ ಕಂತಿನ ಎರಡು ಜಾಗ ನಿಮಗೆ ನೆನಪಿಸುತ್ತೇನೆ. ಒಂದು, ಹುಡುಗನ ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದಾನೆ. ಪ್ಲಂಬರ್. ಪೇಟೆ ಬೀದಿಯಲ್ಲಿ ನಡೆಯುತ್ತಾ ಸಿಕ್ಕವರಿಗೆಲ್ಲ ಕೈ ಎತ್ತುತ್ತಾನೆ, ಒಬ್ಬರ ಜೊತೆ ತಮಾಷೆ, ಇನ್ನೊಬ್ಬರ ಜೊತೆ ಎರಡು ಮಾತು. ಕ್ಯಾಮೆರಾ ಎಲ್ಲೂ ಕಟ್ ಆಗದೆ ಅವನ ಜೊತೆಗೇ ಹೋಗುತ್ತದೆ. ಮಗ ಸತ್ತಿದ್ದಾನೆ ಅಂತ ಅವನಿಗಿನ್ನೂ ಗೊತ್ತಿಲ್ಲ. ಅವನು ನಕ್ಕು ಮಾತಾಡಿಸಿದವರಲ್ಲಿ ಕೆಲವರ ಮೇಲೆ ಮುಂದೆ ಅನುಮಾನ ಬರುತ್ತದೆ, ಅವನ ಮೇಲೂ ಬರುತ್ತದೆ. ನೀವು ಸುಳಿವು ಎಲ್ಲಿ ಅಂತ ಕೇಳುತ್ತೀರಲ್ಲ, ಅರ್ಧ ಊರಿನ ಪಟ್ಟಿಯನ್ನು ನಿಮ್ಮ ಕೈಗೆ ಕೊಟ್ಟಾಗಿದೆ ಅಲ್ವಾ?

ಇನ್ನೊಂದು, ಅಮ್ಮ. ಬೆತ್. ಮಗ ಶಾಲೆಯಲ್ಲಿಲ್ಲ ಅಂತ ಗೊತ್ತಾಗಿದೆ. ಕಾರು ಟ್ರಾಫಿಕ್‌ನಲ್ಲಿ ನಿಂತಿದೆ. ದಂಡೆಯಲ್ಲಿ ಪೊಲೀಸರಿದ್ದಾರಂತೆ, ಏನೋ ಸಿಕ್ಕಿದೆಯಂತೆ. ಅವಳು ಕಾರು ಅಲ್ಲೇ ಬಿಟ್ಟು ಓಡಲು ಶುರು ಮಾಡುತ್ತಾಳೆ. ಮರಳಿಗೆ ಇಳಿದ ಮೇಲೆ ದೂರದಲ್ಲಿ ಮುಚ್ಚಿಟ್ಟ ದೇಹ. ಹೊದಿಕೆಯ ಕೆಳಗಿಂದ ಬೂಟು ಕಾಣುತ್ತದೆ. ಅಷ್ಟೇ. ಮುಖ ಕಾಣುವುದಿಲ್ಲ, ಯಾರೂ ಬಂದು ಏನೂ ಹೇಳುವುದಿಲ್ಲ. ಮಕ್ಕಳಿಗೆ ಬೂಟು ಕೊಡಿಸಿದ ಯಾವ ತಾಯಿಗೂ ಮುಖ ಬೇಕಾಗುವುದಿಲ್ಲ. ನಿಮ್ಮ ಎರಡು ಗಂಟೆಯ ಸಿನಿಮಾದಲ್ಲಿ ಈ ಓಟಕ್ಕೆ ಎಷ್ಟು ಸೆಕೆಂಡು ಸಿಗುತ್ತಿತ್ತು ಹೇಳಿ.

ಪೊಲೀಸರಿಬ್ಬರನ್ನೂ ನೋಡಿ. ಎಲೀ ಮಿಲ್ಲರ್ ರಜೆ ಮುಗಿಸಿ ಫ್ಲಾರಿಡಾದಿಂದ ಬರುತ್ತಾಳೆ, ಸ್ಟೇಷನ್‌ನವರಿಗೆಲ್ಲ ಉಡುಗೊರೆ ತಂದಿದ್ದಾಳೆ. ಅವಳಿಗೆ ಸಿಗಬೇಕಿದ್ದ ಹುದ್ದೆ ಹೊರಗಿನಿಂದ ಬಂದ ಅಲೆಕ್ ಹಾರ್ಡಿಗೆ ಹೋಗಿದೆ. ಟಾಯ್ಲೆಟ್‌ಗೆ ಹೋಗಿ ಅತ್ತು ಮುಖ ತೊಳೆಯುವಷ್ಟರಲ್ಲಿ ಕೊಲೆ ಕೇಸು. ಸತ್ತವನು ಅವಳ ಮಗನ ಗೆಳೆಯ. ಹೊರಗಿನವನಿಗೆ ಊರಿನ ಪ್ರತಿಯೊಬ್ಬರೂ ಆರೋಪಿ, ಅವಳಿಗೆ ಎಲ್ಲರೂ ಪರಿಚಯದವರು. ಹಾರ್ಡಿಯಾಗಿರುವ ಡೇವಿಡ್ ಟೆನೆಂಟ್‌ಗಿಂತ ಮಿಲ್ಲರ್ ಆಗಿರುವ ಒಲಿವಿಯಾ ಕೋಲ್ಮನ್ ನನಗೆ ಹೆಚ್ಚು ಹಿಡಿಸಿದ್ದು ಅದಕ್ಕೇ. 2014ರಲ್ಲಿ ಈ ಪಾತ್ರಕ್ಕೆ ಅವರಿಗೆ ಬ್ರಿಟನ್ನಿನ ದೊಡ್ಡ ಪ್ರಶಸ್ತಿ ಬಾಫ್ಟಾ ಬಂತು. (ಇಂಗ್ಲಿಷ್ ಮೇಷ್ಟ್ರಾಗಿ ನೀವು ಥಾಮಸ್ ಹಾರ್ಡಿಯ ‘ಟೆಸ್’ ಕಾದಂಬರಿ ಪಾಠ ಮಾಡಿರಬೇಕು, ಅದರಲ್ಲೂ ಒಬ್ಬ ಅಲೆಕ್ ಇದ್ದಾನೆ. ಡಾರ್ಸೆಟ್‌ನ ಈ ಕತೆಯಲ್ಲೂ ಅಲೆಕ್ ಅಂತ ಒಬ್ಬ, ಅವನ ಅಡ್ಡಹೆಸರು ಹಾರ್ಡಿ. ನಿಮ್ಮ ಕಣ್ಣಿಗೆ ಇದು ಬೀಳಲಿಲ್ಲ ಅನ್ನುವುದನ್ನು ನಾನು ನಂಬುವುದಿಲ್ಲ.)

ಊರು ಮುಖ್ಯ ಅಂತ ನಾನು ಸುಮ್ನೆ ಹೇಳುತ್ತಿಲ್ಲ. 2014ರಲ್ಲಿ ಅಮೆರಿಕದ ಫಾಕ್ಸ್ ಚಾನೆಲ್ ಇದೇ ಕತೆಯನ್ನು ‘ಗ್ರೇಸ್‌ಪಾಯಿಂಟ್’ ಅಂತ ಮಾಡಿತು. ನಾಯಕ ಮತ್ತೆ ಅದೇ ಟೆನೆಂಟ್, ಈ ಸಲ ಅಮೆರಿಕನ್ ಉಚ್ಚಾರಣೆಯಲ್ಲಿ. ಕತೆ ನಡೆಯುವುದು ಕ್ಯಾಲಿಫೋರ್ನಿಯಾದ ಊರಲ್ಲಿ, ತೆಗೆದದ್ದು ಕೆನಡಾದಲ್ಲಿ. ಎಂಟರ ಬದಲು ಹತ್ತು ಕಂತು. ಒಂದೇ ಸೀಸನ್‌ಗೆ ಅಂಗಡಿ ಮುಚ್ಚಿದರು. ಕೊನೆಯನ್ನು ಬದಲಿಸಿದ್ದು ಬಿಟ್ಟರೆ ಒಗಟು ಹೆಚ್ಚು ಕಡಿಮೆ ಅದೇ ಇತ್ತು, ಸುಳಿವುಗಳು ಬಹುಪಾಲು ಅವೇ ಇದ್ದವು. ಒಗಟೇ ಎಲ್ಲ ಅನ್ನುವುದಾದರೆ ಅದೂ ಗೆಲ್ಲಬೇಕಿತ್ತಲ್ಲ ಮೇಷ್ಟ್ರೇ?

ಈಗ ಎಂಟು ಕಂತಿನ ವಿಷಯಕ್ಕೆ ಬರುತ್ತೇನೆ. ನೀವು ಅದನ್ನು ಒಂದೇ ವಾರಾಂತ್ಯದಲ್ಲಿ ನೋಡಿದ್ದೀರಿ ಅಂತ ನನ್ನ ಗುಮಾನಿ. ಇಂಗ್ಲೆಂಡಿನವರು ಅದನ್ನು ನೋಡಿದ್ದು ಎಂಟು ಸೋಮವಾರ, ರಾತ್ರಿ ಒಂಬತ್ತಕ್ಕೆ, 2013ರ ಮಾರ್ಚ್ 4ರಿಂದ ಏಪ್ರಿಲ್ 22ರವರೆಗೆ. ಕೊನೇ ಕಂತಿಗೆ ಸುಮಾರು 90 ಲಕ್ಷ ಜನ ಟೀವಿ ಮುಂದೆ ಕೂತಿದ್ದರು. ನಡುವೆ ಒಂದೊಂದು ವಾರ ಇತ್ತಲ್ಲ, ಆ ವಾರದಲ್ಲೇ ಅರ್ಧ ಸೀರಿಯಲ್ ನಡೆಯುವುದು. ಪಾದ್ರಿಯೇ ಇರಬೇಕು ಅಂತ ಒಬ್ಬರು, ಇಲ್ಲ ಅಪ್ಪನೇ ಅಂತ ಇನ್ನೊಬ್ಬರು. ಗುರುವಾರಕ್ಕೆ ನೀವೇ ಪಕ್ಷ ಬದಲಿಸಿರುತ್ತೀರಿ. ಈಗ ಎಲ್ಲ ಕಂತುಗಳನ್ನೂ ಒಂದೇ ರಾತ್ರಿ ಸುರಿದು ಬಿಡುತ್ತಾರೆ. ‘ಮುಂದಿನ ಕಂತು ಐದು ಸೆಕೆಂಡಿನಲ್ಲಿ’ ಅಂತ ಪರದೆ ಮೇಲೆ ಬರುತ್ತದೆ. ಯಾರ ಮೇಲಾದರೂ ಅನುಮಾನ ಪಡಲು ಐದು ಸೆಕೆಂಡು ಸಾಕಾಗುತ್ತದಾ?

ಎಳೆಯುವುದರ ಬಗ್ಗೆ ಮಾತಾಡುವುದಾದರೆ ನಮ್ಮ ಮನೆಗಳಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಏನು ನಡೆಯುತ್ತದೆ ನೋಡಿ. ವಾರಕ್ಕೆ ಐದಾರು ದಿನ ಕಂತು. ಟಿಆರ್‌ಪಿ ಚೆನ್ನಾಗಿ ಬಂದರೆ ಸತ್ತವಳು ಬದುಕಿ ಬರುತ್ತಾಳೆ, ಕಡಿಮೆಯಾದರೆ ಬದುಕಿದ್ದವಳು ಮೆಟ್ಟಿಲಿಂದ ಬೀಳುತ್ತಾಳೆ. ಕೊನೆ ಏನು ಅಂತ ಬರೆಯುವವರಿಗೇ ಗೊತ್ತಿರುವುದಿಲ್ಲ, ಯಾಕೆಂದರೆ ಕೊನೆ ಯಾವಾಗ ಅಂತಲೇ ಅವರಿಗೆ ಗೊತ್ತಿಲ್ಲ. ದೂರದರ್ಶನದಲ್ಲಿ 1993ರಲ್ಲಿ ಬಾಸು ಚಟರ್ಜಿಯವರ ‘ಬ್ಯೋಮಕೇಶ್ ಬಕ್ಷಿ’ ಬರುತ್ತಿತ್ತು, ಹಿಂದಿಯಲ್ಲಿ. ಕತೆ ಮುಗಿದರೆ ಮುಗಿಯಿತು. ಕನ್ನಡದಲ್ಲಿ ಟಿ.ಎನ್. ಸೀತಾರಾಂ ಅವರ ಕೋರ್ಟ್ ದೃಶ್ಯ ನೋಡಲು ಜನ ಬೇಗ ಊಟ ಮುಗಿಸುತ್ತಿದ್ದರು. ಮಾತು, ವಾದ, ಯೋಚನೆ ಇದ್ದರೆ ನಮ್ಮ ಜನ ನೋಡುತ್ತಾರೆ ಅನ್ನಲು ಇನ್ನೇನು ಸಾಕ್ಷಿ ಬೇಕು? ಎಂಟು ಕಂತಿಗೆ ಮುಗಿಯುವ ಒಂದು ಗಟ್ಟಿ ಕತೆಗೆ ನಮ್ಮ ಚಾನೆಲ್‌ಗಳಲ್ಲಿ ಒಂದು ಸೋಮವಾರ ಖಾಲಿ ಇಲ್ಲ. ಇಪ್ಪತ್ತು ಕಂತು ಅಳುವುದಕ್ಕೆ ಜಾಗ ಇದೆ, ಆದರೆ ಆ ಅಳು ಯಾರಿಗಾಗಿ ಅಂತ ಹದಿನೈದನೇ ಕಂತಿನಲ್ಲಿ ಕೇಳಿ, ಅತ್ತವಳಿಗೂ ನೆನಪಿರುವುದಿಲ್ಲ.

ನಾನು ಪತ್ರಿಕೆಯವನು, ಹಾಗಾಗಿ ಇದೊಂದು ಹೇಳದೆ ಬಿಡಲಾರೆ. ಬ್ರಾಡ್‌ಚರ್ಚ್‌ನಲ್ಲಿ ನಮ್ಮವರೂ ಇದ್ದಾರೆ. ಊರಿನ ಸಣ್ಣ ಪತ್ರಿಕೆ ‘ಎಕೋ’, ಅದರ ಸಂಪಾದಕಿ ಮ್ಯಾಗಿ, ಹುಡುಗ ವರದಿಗಾರ ಆಲಿ. ಈ ಆಲಿ ಸತ್ತ ಹುಡುಗನ ಹೆಸರನ್ನು ಪೊಲೀಸರು ಹೇಳುವ ಮೊದಲೇ ಟ್ವೀಟ್ ಮಾಡಿಬಿಡುತ್ತಾನೆ. ಅವನು ಕೆಟ್ಟವನಲ್ಲ, ಅವಸರದವನು. ನಾನು ವರದಿಗಾರಿಕೆಗೆ ಸೇರಿದ ಕಾಲದಲ್ಲಿ ಸಾವಿನ ಮನೆಗೆ ಹುಡುಗರನ್ನು ಫೋಟೊ ತರಲು ಕಳಿಸುತ್ತಿದ್ದರು. ಮನೆಯವರು ಆಲ್ಬಂ ತೆಗೆದು ಕೊಡುತ್ತಿದ್ದರು, ಎಷ್ಟೋ ಕಡೆ ಅಷ್ಟು ದುಃಖದಲ್ಲೂ ಕಾಫಿ ಕೊಡುತ್ತಿದ್ದರು. ಫೋಟೊ ವಾಪಸ್ ಹೋಗುತ್ತಿದ್ದದ್ದು ಅಪರೂಪ.

ಹುಡುಗ ಪೇಪರ್ ಹಾಕುತ್ತಿದ್ದ ಅಂಗಡಿಯ ಮುದುಕ ಜ್ಯಾಕ್ ಮಾರ್ಷಲ್ ನೆನಪಿದ್ದಾನಲ್ಲ? ಒಂಟಿ ಮನುಷ್ಯ, ಮುಖ ಗಂಟು. ಅವನ ಹಳೆಯ ಕತೆಯೊಂದನ್ನು ಪತ್ರಿಕೆಗಳು ಅಗೆದು ತೆಗೆಯುತ್ತವೆ. ಊರೇ ಅವನ ಬಾಗಿಲಿಗೆ ಬರುತ್ತದೆ. ಡೇವಿಡ್ ಬ್ರಾಡ್ಲಿ ಆ ಪಾತ್ರ ಮಾಡಿ ಬಾಫ್ಟಾ ಗೆದ್ದರು. ಇದು ಬರೀ ಕಲ್ಪನೆ ಅಂದುಕೊಳ್ಳಬೇಡಿ. 2010ರ ಡಿಸೆಂಬರ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಒಬ್ಬ ಯುವತಿಯ ಕೊಲೆಯಾಯಿತು. ಆಕೆಯ ಮನೆ ಮಾಲೀಕರು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಹೌದು, ನಿಮ್ಮ ಹಾಗೇ. ಪೊಲೀಸರು ಹಿಡಿದುಕೊಂಡು ಹೋದದ್ದೇ ತಡ, ಪತ್ರಿಕೆಗಳು ಅವರ ಕೂದಲು ವಿಚಿತ್ರ, ಸ್ವಭಾವ ವಿಚಿತ್ರ ಅಂತ ಪುಟಗಟ್ಟಲೆ ಬರೆದವು. ಕೊಂದವನು ಬೇರೆ, ಪಕ್ಕದ ಫ್ಲ್ಯಾಟಿನವನು. 2011ರ ಜುಲೈನಲ್ಲಿ ಎಂಟು ಪತ್ರಿಕೆಗಳು ಮೇಷ್ಟ್ರಿಗೆ ಪರಿಹಾರ ಕೊಟ್ಟು ಕ್ಷಮೆ ಕೇಳಿದವು, ಎರಡಕ್ಕೆ ನ್ಯಾಯಾಂಗ ನಿಂದನೆಯ ದಂಡವೂ ಬಿತ್ತು. ಅದೇ ತಿಂಗಳು ಫೋನ್ ಕದ್ದಾಲಿಕೆಯ ಹಗರಣದಲ್ಲಿ ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆ ಬಾಗಿಲು ಮುಚ್ಚಿತು. ಪತ್ರಿಕೆಗಳ ನಡವಳಿಕೆ ಬಗ್ಗೆ ಲೆವೆಸನ್ ವರದಿ 2012ರ ನವೆಂಬರ್‌ನಲ್ಲಿ ಬಂತು. ಮೂರು ತಿಂಗಳಾದ ಮೇಲೆ ಬ್ರಾಡ್‌ಚರ್ಚ್. ನೋಡುವವರಿಗೆ ಜ್ಯಾಕ್ ಯಾರು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಮ್ಮಲ್ಲಿ? ಕೊಲೆಯಾದ ಸಂಜೆಯೇ ಸ್ಟುಡಿಯೋದಲ್ಲಿ ಗ್ರಾಫಿಕ್ಸ್‌ನಲ್ಲಿ ಚಾಕು ಹಾರುತ್ತದೆ, ಕೆಂಪು ಬಾಣ ಬಂದು ಮನೆ ತೋರಿಸುತ್ತದೆ, ಆ್ಯಂಕರ್ ತೀರ್ಪು ಕೊಡುತ್ತಾರೆ. ಬಿಡುಗಡೆಯಾದವರ ಸುದ್ದಿಗೆ ಮಾತ್ರ ಗ್ರಾಫಿಕ್ಸ್ ಮಾಡಿದ್ದನ್ನು ನಾನಂತೂ ನೋಡಿಲ್ಲ. ಎರಡು ಗಂಟೆಯ ಸಿನಿಮಾದಲ್ಲಿ ಜ್ಯಾಕ್ ಬರೀ ದಾರಿ ತಪ್ಪಿಸುವ ಪಾತ್ರ ಆಗುತ್ತಿದ್ದ, ನೀವು ಅವನನ್ನು ಪಟ್ಟಿಯಿಂದ ಹೊಡೆದು ಹಾಕಿ ಮುಂದೆ ಹೋಗುತ್ತಿದ್ದಿರಿ. ಎಂಟು ಕಂತಿನಲ್ಲಿ ಅವನ ಅಂಗಡಿಯ ಬಾಗಿಲು ನಿಮಗೆ ಪರಿಚಯವಾಗಿರುತ್ತದೆ.

ಹಾಗಂತ ಎಲ್ಲವನ್ನೂ ಹೊಗಳುತ್ತಿಲ್ಲ. 2015ರ ಎರಡನೇ ಸೀಸನ್ ಕೋರ್ಟಿಗೆ ಹೋಗಿ ಸ್ವಲ್ಪ ಹಳ್ಳ ಹಿಡಿಯಿತು. ಒಂದೇ ಕೇಸು ಸಾಕಾಗದೆ ಹಾರ್ಡಿಯ ಹಳೆಯ ಕೇಸನ್ನೂ ಜೊತೆಗೆ ಗಂಟು ಹಾಕಿದರು. ಅಲ್ಲಿ ನಿಮ್ಮ ‘ಎಳೆದಿದ್ದಾರೆ’ ಅನ್ನುವ ದೂರನ್ನು ಒಪ್ಪುತ್ತೇನೆ.

ಇನ್ನು ನಮ್ಮ ಕರಾವಳಿಯ ಮಾತು. ನಮ್ಮ ಟೀವಿಗೆ ಕರಾವಳಿ ಅಂದರೆ ಹಾಡಿಗೆ ಒಂದು ಬೀಚು, ತಮಾಷೆಗೆ ಒಂದು ಭಾಷೆ. ಅಲ್ಲಿ ಜನ ಇದ್ದಾರೆ ಅಂತ ಯಾರಿಗೂ ಹೊಳೆದಿಲ್ಲ. ನೀವು ಅಲ್ಲೇ ಇದ್ದೀರಿ, ಗಂಗೊಳ್ಳಿ ಬಂದರು ನಿಮಗೆ ಪಕ್ಕದಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ, ಗಂಡಸರೆಲ್ಲ ಮನೆಯಲ್ಲಿ, ಕೈಯಲ್ಲಿ ದುಡ್ಡಿಲ್ಲ, ಸಾಲದ ಕಂತು ನಿಂತಿಲ್ಲ, ಹೊರಗೆ ಹಗಲೂ ರಾತ್ರಿ ಮಳೆ. ಯಾರು ಎಲ್ಲಿಗೆ ಹೋದರು ಅಂತ ಕೇರಿಗೆಲ್ಲ ಗೊತ್ತು. ಇಂಥ ಹೊತ್ತಲ್ಲಿ ಒಂದು ಹೆಣ ಸಿಕ್ಕರೆ? ಒಬ್ಬ ಹೊರಗಿನ ಇನ್ಸ್‌ಪೆಕ್ಟರ್, ಅದೇ ಊರಿನ ಒಬ್ಬಳು ಎಎಸ್‌ಐ, ಅವಳ ತಮ್ಮನ ಬೋಟು ಅಲ್ಲೇ ಕಟ್ಟಿದೆ. ನನಗೆ ಇಷ್ಟೇ ಹೊಳೆಯುವುದು, ನಾನು ಬಯಲುಸೀಮೆಯವನು. ನೀವು ಎಳೆಯದೆ, ಎಂಟು ಪುಟದೊಳಗೆ, ಎಲ್ಲರನ್ನೂ ಕೋಣೆಯಲ್ಲಿ ಕೂರಿಸಿಯೇ ಬರೆಯಿರಿ ಬೇಕಾದರೆ. ಜುಲೈ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಮೇ 20ರೊಳಗೆ ಕೈ ಸೇರಲಿ, ಆಮೇಲೆ ಬಂದರೆ ದೀಪಾವಳಿಗೆ ಹೋಗುತ್ತದೆ.

– ಸಂಪಾದಕ