ರಿಬಿಲ್ಡ್ ಮಾಡ್ಸಿದ ಇಂಜಿನ್ 400 ಮೈಲಿಗೇ ಹೋಯ್ತು, ಶಾಪ್‌ನವ್ರು ನಮ್ಮ ತಪ್ಪಲ್ಲ ಅಂತಾರೆ, ಏನ್ ಮಾಡ್ಲಿ?

ನೀವು ಬರೆದಿದ್ದು ಓದಿ ಹೊಟ್ಟೆ ಉರೀತು, ನನಗೂ ಹೆಚ್ಚುಕಮ್ಮಿ ಇದೇ ಆಗಿದೆ. 1969ರ ಷೆವರ್ಲೆ ಕಮಾರೊ ಕಾರು, 350 (ಕ್ಯೂಬಿಕ್ ಇಂಚು) ಇಂಜಿನ್, ಎರಡು ವರ್ಷ ಕಾದು ರೆಸ್ಟೋರ್ ಮಾಡ್ಸಿ ಮನೆಗೆ ತಂದಿದೀರ, 400 ಮೈಲಿಗೆ ಟಕಟಕ ಶಬ್ದ ಶುರು, ಪುಲಿಂಗ್ ಇಲ್ಲ, ಈಗ ಶಾಪ್‌ನವ್ರು ನೀವೇ ಸರಿಯಾಗಿ ಓಡ್ಸಿಲ್ಲ, ತಂದ್ಬಿಡಿ ಬಿಚ್ಚಿ ನೋಡ್ತೀವಿ ಅಂತಿದಾರೆ, ಕೊಡ್ಲಾ ಅಂತ ಕೇಳಿದೀರ. ನೀವು ಎದುರಿಗೆ ನಿಂತಿಲ್ಲದೆ ಇಂಜಿನ್ ಬಿಚ್ಚೋಕೆ ಮಾತ್ರ ಬಿಡ್ಬೇಡಿ. ಒಂದ್ಸಲ ಬಿಚ್ಚಿ ತೊಳೆದಿಟ್ರೆ ಆಮೇಲೆ ಏನಾಗಿತ್ತು ಅನ್ನೋದಕ್ಕೆ ಅವ್ರ ಮಾತೊಂದೇ ಉಳಿಯೋದು.

ನಾನಿರೋದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ರ, ನಂದು 1970ರ ಷೆವರ್ಲೆ ಷೆವೆಲ್, ಅದೂ 350ನೇ. ಶಬ್ದ ಬಂದ ದಿನ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅಂದ್ರೆ ಗಾಡಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡ್ದೇ ಇದ್ದಿದ್ದು. ಆಯಿಲ್ ಫಿಲ್ಟರ್ ಬಿಚ್ಚಿ, ಫಿಲ್ಟರ್ ಕಟ್ಟರ್ ತಗೊಂಡು ಕೊಯ್ದೆ (ಹ್ಯಾಕ್‌ಸಾದಲ್ಲಿ ಕೊಯ್ಬೇಡಿ, ಅದರ ಪುಡಿನೇ ಒಳಗೆ ಬಿದ್ದು ಎಲ್ಲಾ ಕೆಡುತ್ತೆ). ಒಳಗಿನ ಕಾಗದ ಸೀರೆ ನಿರಿಗೆ ಥರ ಇರುತ್ತೆ, ಅದನ್ನ ಬಿಡಿಸಿ ಬಿಸಿಲಲ್ಲಿ ಹಿಡಿದ್ರೆ ಪೂರ್ತಿ ಮಿಣಮಿಣ. ಮ್ಯಾಗ್ನೆಟ್ ಇಟ್ರೆ ಅರ್ಧಕ್ಕರ್ಧ ಅಂಟ್ಕೊಂತು, ಅಂದ್ರೆ ಕಬ್ಬಿಣದ ಪುಡಿ, ಕ್ಯಾಮ್‌ದು (ವಾಲ್ವ್ ತೆರೆಸೋ ಶಾಫ್ಟ್), ಲಿಫ್ಟರ್‌ದು (ಅದರ ಮೇಲೆ ಕೂತು ವಾಲ್ವ್ ಎತ್ತೋ ತುಂಡು). ಅಂಟದೇ ಉಳಿದಿದ್ದು ಬೇರಿಂಗ್‌ದು. ಆಮೇಲೆ ಬಿಚ್ಚಿ ನೋಡ್ದಾಗ ಎರಡು ಕ್ಯಾಮ್ ಲೋಬ್ (ಶಾಫ್ಟ್ ಮೇಲಿನ ಉಬ್ಬು) ಸವೆದು ದುಂಡಗಾಗಿತ್ತು, ಲಿಫ್ಟರ್ ತಳ ಸ್ವಲ್ಪ ಉಬ್ಬಿರ್ಬೇಕು, ಅದು ಹಣತೆ ಥರ ಗುಂಡಿ ಬಿದ್ದಿತ್ತು.

ಆ ಕಾಲದ ಇಂಜಿನ್‌ಗಳಿಗೆ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಇರುತ್ತೆ, ಲಿಫ್ಟರ್ ಲೋಬ್ ಮೇಲೆ ಉಜ್ಕೊಂಡೇ ಓಡ್ಬೇಕು. ಅದಕ್ಕೆ ಹೊಸ ಕ್ಯಾಮ್ ಹಾಕಿ ಮೊದಲ ಸಲ ಸ್ಟಾರ್ಟ್ ಮಾಡಿದ ತಕ್ಷಣ 2000ರಿಂದ 2500 ಆರ್‌ಪಿಎಂಗೆ ಏರಿಸಿ ಒಂದು 20-30 ನಿಮಿಷ ಹಾಗೇ ಏರಿಳಿಸ್ತಾ ಓಡಿಸ್ಬೇಕು, ಐಡಲ್‌ಗೆ (ಆಕ್ಸಿಲರೇಟರ್ ಒತ್ತದೆ ನಿಧಾನಕ್ಕೆ ಓಡೋಕೆ) ಬಿಡೋ ಹಾಗಿಲ್ಲ, ಯಾಕಂದ್ರೆ ಕ್ಯಾಮ್‌ಗೆ ಆಯಿಲ್ ಬರೋದು ಹೆಚ್ಚಾಗಿ ಕೆಳಗಿನ ಕ್ರ್ಯಾಂಕ್ ಶಾಫ್ಟ್ ತಿರುಗಿ ಎರಚಿದ್ರೆ, ಐಡಲ್‌ನಲ್ಲಿ ಅದು ಸಾಲಲ್ಲ. ಆಯಿಲ್ ಕೂಡ ಅಂಗಡೀಲಿ ಸಿಗೋ ಮಾಮೂಲಿದು ಆಗಲ್ಲ. 2004ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ದರ್ಜೆಯಿಂದ ತೆಳು ಆಯಿಲ್‌ಗಳಲ್ಲಿ ಫಾಸ್ಫರಸ್ 800 ಪಿಪಿಎಂ (ಹತ್ತು ಲಕ್ಷಕ್ಕೆ 800 ಭಾಗ) ಒಳಗೇ ಇರ್ಬೇಕು, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗ್ಬಾರ್ದು ಅಂತ. ನಮ್ಮ ಗಾಡೀಲಿ ಕನ್ವರ್ಟರೇ ಇಲ್ಲ, ಆದ್ರೆ ಸವೆತ ತಡೆಯೋ ಆ ಜಿಂಕ್-ಫಾಸ್ಫರಸ್ ಇಲ್ದೆ ಕ್ಯಾಮ್ ಬದುಕಲ್ಲ. ಹೀಗೆ ಮೊದಲ ಸಲ ಓಡಿಸಿ ಹದ ಮಾಡೋದಕ್ಕೆ ಬ್ರೇಕ್-ಇನ್ ಅಂತಾರೆ, ಅದಕ್ಕೆ ಬ್ರೇಕ್-ಇನ್ ಆಯಿಲ್ ಅಂತಲೇ ಬೇರೆ ಸಿಗುತ್ತೆ. ಇಷ್ಟೂ ಶಾಪ್‌ನವ್ರ ಕೆಲಸ, ಗಾಡಿ ನಿಮ್ಮ ಕೈಗೆ ಬರೋ ಮುಂಚೆನೇ ಆಗಿರೋ ಕೆಲಸ. ನೀವು ಸರಿಯಾಗಿ ಓಡ್ಸಿಲ್ಲ ಅಂದ್ರೆ ಕೇಳಿ, ಬ್ರೇಕ್-ಇನ್ ಯಾರು ಮಾಡಿದ್ದು, ಎಷ್ಟು ನಿಮಿಷ, ಯಾವ ಆಯಿಲ್, ಬರೆದು ಕೊಡಿ ಅಂತ.

ನನ್ನ ಕೇಸ್ ನಿಂತಿದ್ದು ಒಂದು ವಿಡಿಯೋ ಮೇಲೆ. ಮೊದಲ ಸಲ ಸ್ಟಾರ್ಟ್ ಆದ ದಿನ ಶಾಪ್‌ನವ್ರೇ ಖುಷೀಲಿ ಕಳಿಸಿದ್ರು, ನಾನೂ ಅಷ್ಟೇ ಖುಷೀಲಿ ಹಾಸನದಲ್ಲಿರೋ ಅಣ್ಣಂಗೆ ಫಾರ್ವರ್ಡ್ ಮಾಡಿದ್ದೆ. ಒಂದು ವರ್ಷ ಆದ್ಮೇಲೆ ಅಣ್ಣನ ಫೋನಿಂದ ವಾಪಸ್ ತರ್ಸಿಕೊಂಡು ನೋಡಿದ್ರೆ, ನಾಲ್ಕು ನಿಮಿಷ ಬರೀ ಐಡಲ್‌ನಲ್ಲಿ ಓಡ್ತಿದೆ, ಆರ್‌ಪಿಎಂ ತೋರ್ಸೋ ಟ್ಯಾಕೋಮೀಟರ್ ಕಾಣ್ತಿದೆ, ಆಮೇಲೆ ರೇಡಿಯೇಟರ್ ಹೋಸ್ ಲೀಕ್ ಅಂತ ಯಾರೋ ಕೂಗಿ ಆಫ್ ಮಾಡ್ತಾರೆ. ನಿಮ್ಮ ಹತ್ರನೂ ಮೆಸೇಜು, ಫೋಟೋ, ಬಿಲ್ಲು ಇದ್ದೇ ಇರುತ್ತೆ, ಇವತ್ತೇ ಎಲ್ಲಾ ಒಂದು ಕಡೆ ಎತ್ತಿಡಿ.

ಇನ್ನು ನಿಮ್ಮ ಶಾಪ್‌ನವ್ರು ಮಷೀನ್ ಶಾಪ್ (ಇಂಜಿನ್ ಬ್ಲಾಕ್ ಕೊರೆದು ಹದ ಮಾಡಿಕೊಡೋರು) ತಪ್ಪು ಅಂತಾರೆ, ಮಷೀನ್ ಶಾಪ್‌ನವ್ರು ಪಾರ್ಟ್ ಸರಿಯಿಲ್ಲ ಅಂತಾರೆ, ಕ್ಯಾಮ್ ಕಂಪನಿ ವಾರಂಟಿ ಅಂದ್ರೆ ಇನ್ನೊಂದು ಕ್ಯಾಮ್ ಕಳಿಸ್ತಾರೆ ಅಷ್ಟೆ, ಬಿಚ್ಚಿ ಕಟ್ಟೋ ಕೂಲಿ ಯಾರೂ ಕೊಡಲ್ಲ. ನೀವು ಆ ಸುತ್ತಾಟಕ್ಕೆ ಹೋಗ್ಲೇಬೇಡಿ. ದುಡ್ಡು ಕೊಟ್ಟಿದ್ದು ಯಾರಿಗೆ, ವರ್ಕ್ ಆರ್ಡರ್ ಯಾರ ಹೆಸರಲ್ಲಿದೆ, ಉತ್ತರ ಅವ್ರೇ ಕೊಡ್ಬೇಕು, ಮಷೀನ್ ಶಾಪ್ ಹತ್ರ ವಸೂಲಿ ಮಾಡ್ಕೊಳೋದು ಅವ್ರ ಪಾಡು. ನೀವೂ ಕ್ಯಾಲಿಫೋರ್ನಿಯಾ ಅಂದಿದೀರಲ್ಲ, ಇಲ್ಲಿ ಶಾಪ್‌ಗಳೆಲ್ಲ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಅನ್ನೋ ರಾಜ್ಯ ಸರ್ಕಾರದ ಇಲಾಖೇಲಿ ನೋಂದಣಿ ಆಗಿರ್ಬೇಕು, ದೂರು ಕೊಡೋಕೆ ದುಡ್ಡಿಲ್ಲ. ಬ್ಯೂರೋದವ್ರು ದುಡ್ಡು ವಾಪಸ್ ಕೊಡಿ ಅಂತ ಆರ್ಡರ್ ಮಾಡಲ್ಲ, ಆದ್ರೆ ಮಧ್ಯ ಬಂದು ಮಾತಾಡ್ತಾರೆ. ಅದೂ ಆಗ್ಲಿಲ್ಲ ಅಂದ್ರೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ (ಸಣ್ಣ ಮೊತ್ತದ ದಾವೆಗಿರೋ ಕೋರ್ಟ್), 12,500 ಡಾಲರ್‌ವರೆಗೆ, ಅಲ್ಲಿ ಎರಡೂ ಕಡೆಗೆ ಲಾಯರ್ ನಿಂತು ವಾದ ಮಾಡೋ ಹಾಗಿಲ್ಲ. ನಂದು ಕೋರ್ಟ್‌ಗೆ ಹೋಗೋ ಮುಂಚೆನೇ ಮುಗೀತು, ಕೂಲಿ ಮತ್ತೆ ಮಷೀನ್ ಕೆಲಸ ಶಾಪ್‌ನವ್ರು ಹಾಕ್ಕೊಂಡ್ರು, ರೋಲರ್ ಕ್ಯಾಮ್‌ಗೆ (ಲಿಫ್ಟರ್ ಉಜ್ಜದೆ ಚಕ್ರದ ಮೇಲೆ ಉರುಳೋ ಥರದ್ದು) ಬದಲಾಯಿಸೋ ಖರ್ಚು ನಾನು ಹಾಕ್ದೆ.

ಇನ್ನೊಂದು, ಬ್ಲಾಕ್ ಮತ್ತೆ ಮಷೀನಿಂಗ್‌ಗೆ ಹೋದ್ರೆ ಬಲಗಡೆ ಹೆಡ್‌ನ ಮುಂದಿರೋ ಪ್ಯಾಡ್ ಮೇಲಿನ ಸ್ಟ್ಯಾಂಪ್ ನಂಬರ್ ಮುಟ್ಬೇಡಿ ಅಂತ ವರ್ಕ್ ಆರ್ಡರ್‌ನಲ್ಲಿ ಬರೆಸಿ. ಡೆಕ್ ಮಾಡ್ತಾ (ಬ್ಲಾಕ್‌ನ ಮೇಲ್ಮೈ ಸಮ ಮಾಡ್ತಾ) ಅದನ್ನ ಕೆತ್ತಿಬಿಟ್ರೆ ಒರಿಜಿನಲ್ ಇಂಜಿನ್ ಅನ್ನೋಕೆ ಪುರಾವೆನೇ ಇರಲ್ಲ, ಆ ನಷ್ಟ ಯಾರೂ ತುಂಬ್ಕೊಡಕ್ಕಾಗಲ್ಲ.

ಅದಿರ್ಲಿ, ಶಬ್ದ ಬಂದಾಗ ಗಾಡೀಲಿದ್ದ ಆಯಿಲ್ ಫಿಲ್ಟರ್ ಇನ್ನೂ ಅದರಲ್ಲೇ ಇದೆಯಾ, ಅಥವಾ ಶಾಪ್‌ನವ್ರು ಬದಲಾಯಿಸಿಬಿಟ್ರಾ? ಮೊದಲು ಅದನ್ನ ಹೇಳಿ.